ತಾರಸಿ ತೋಟದ ಡ್ರಿಪ್ಪು, ಕುಂಡದ ಹುಲ್ಲು

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಂಥ ಕಡೆ ಬೋರ್‌ವೆಲ್‌ನ ಗಡಸು ನೀರು ಡ್ರಿಪ್ಪಿಗೆ ಮೊದಲ ಶತ್ರು. ಡ್ರಿಪ್ಪರ್ ಬಾಯಿಗೆ ಬಿಳಿ ಉಪ್ಪು ಕಟ್ಟಿದರೆ ಹನಿ ನಿಲ್ಲುತ್ತದೆ. ಪಿನ್ನಿನಿಂದ ಚುಚ್ಚಿದರೆ ತೂತು ಹಿಗ್ಗಿ, ಒಂದು ಕುಂಡಕ್ಕೆ ಧಾರೆ, ಪಕ್ಕದ್ದಕ್ಕೆ ಬರ. ಡ್ರಿಪ್ಪರ್ ಕಳಚಿ ರಾತ್ರಿಯಿಡೀ ವಿನಿಗರ್‌ನಲ್ಲಿ ನೆನೆಹಾಕಿ ತೊಳೆಯುವುದೇ ಲೇಸು. ಫಿಲ್ಟರಿನ ಜಾಲರಿ ಉಜ್ಜಿ, ಪೈಪಿನ ಎಂಡ್ ಕ್ಯಾಪ್ ಬಿಚ್ಚಿ, ತಿಳಿನೀರು ಬರುವ ತನಕ ಹರಿಯಬಿಡಬೇಕು. ಅಳಿಲು ಕಡಿದಲ್ಲಿ ಟೇಪು ಸುತ್ತಿದರೆ ನಾಲ್ಕು ದಿನವೂ ನಿಲ್ಲದು. ಅಷ್ಟು ಭಾಗ ಕತ್ತರಿಸಿ, ತುದಿಗಳನ್ನು ಬಿಸಿನೀರಿಗೆ ಅದ್ದಿ ಮೆತ್ತಗಾದ ಮೇಲೆ ಜಾಯಿನರ್ ತೂರಿಸಬೇಕು. 16 ಮಿ.ಮೀ. ಪೈಪಿಗೆ 16ರದ್ದೇ ಆಗಬೇಕು. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂ. ದಂಡವೆಂದು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿತ್ತು. ಬೇಸಿಗೆಗೆ ಮುಂಚೆಯೇ ಸೋರಿಕೆ ನೋಡಿಕೊಂಡರೆ ಕ್ಷೇಮ.

ಹನಿ ಎಷ್ಟಿರಬೇಕೆನ್ನಲು ಹುಲ್ಲು ಯಾವುದೆಂದು ತಿಳಿದಿರಬೇಕು. ನರ್ಸರಿಯವರು ಹುಲ್ಲೆಂದು ಕೊಡುವುದೆಲ್ಲ ಹುಲ್ಲಲ್ಲ. ಕಾಂಡ ದುಂಡಗಿದ್ದು ಗೆಣ್ಣು ಕೈಗೆ ಸಿಕ್ಕರೆ ಹುಲ್ಲು. ಬೆರಳಲ್ಲಿ ಹೊರಳಿಸಿದಾಗ ಮೂರು ಏಣು ತಾಕಿದರೆ ಜೇಕಿನ ಜಾತಿ, ಅಂಥವು ಬಹುಪಾಲು ತೇವ ಬಯಸುತ್ತವೆ. ಮಜ್ಜಿಗೆ ಹುಲ್ಲಿನ ಎಲೆ ಹಿಸುಕಿದರೆ ನಿಂಬೆಯ ಘಮ. ಲಾವಂಚದ ಪರಿಮಳವೆಲ್ಲ ಬೇರಿನಲ್ಲಿ. ಕೆನ್ನೇರಳೆ ಎಲೆ, ನರಿಬಾಲದಂಥ ತೆನೆಯ ಫೌಂಟನ್ ಗ್ರಾಸ್ ಬಿಸಿಲು ತಡೆಯುತ್ತದೆ, ಅದಕ್ಕೆ ನೀರು ಕಡಿಮೆ ಸಾಕು. ನೆರಳಿಗೆ ನೆಡುವ ಮಾಂಡೋ ಗ್ರಾಸ್ ಶತಾವರಿಯ ಕುಟುಂಬದ್ದು. ಅದನ್ನು ಬಿಸಿಲಿನ ಸಾಲಿನ ಪೈಪಿಗೆ ಸೇರಿಸಬಾರದು.