ಎಲುಬಿನಲ್ಲಿ ನಿಲ್ಲುವ ತಿರುಪು

ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದ್ದೇ ಇರುವುದೆಂಬ ನ್ಯೂಟನ್ನನ ನಿಯಮವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಒಂದು ದೋಣಿಯಲ್ಲಿ ಕುಳಿತು ಇನ್ನೊಂದನ್ನು ಹಗ್ಗದಿಂದ ಎಳೆದರೆ ಎರಡೂ ಚಲಿಸುವುವು. ದಡದ ಮೇಲೆ ಗಟ್ಟಿಯಾಗಿ ನಿಂತು ಎಳೆದರೆ ಮಾತ್ರ ದೋಣಿಯೊಂದೇ ನಮ್ಮತ್ತ ಬರುವುದು.

ಓರೆಕೋರೆಯಾದ ಹಲ್ಲುಗಳನ್ನು ಸರಿಪಡಿಸುವ ವೈದ್ಯರಿಗೂ ಇದೇ ತೊಡಕು. ಮುಂಚಾಚಿದ ಹಲ್ಲುಗಳನ್ನು ದವಡೆಹಲ್ಲಿಗೆ ಬಿಗಿದು ಹಿಂದಕ್ಕೆ ಎಳೆದರೆ, ದವಡೆಹಲ್ಲೂ ಅಷ್ಟಿಷ್ಟು ಮುಂದಕ್ಕೆ ಸರಿಯುವುದು. ಆದುದರಿಂದ ಬಾಯಿಯೊಳಗೇ ಒಂದು 'ದಡ' ಬೇಕು. ಮಿನಿ-ಇಂಪ್ಲಾಂಟ್ ಎಂಬ ಪುಟ್ಟ ತಿರುಪು ಆ ಕೆಲಸವನ್ನು ಮಾಡುವುದು. ಸಾಮಾನ್ಯವಾಗಿ ಇದರ ವ್ಯಾಸ 1.2ರಿಂದ 2 ಮಿ.ಮೀ., ಉದ್ದ 6ರಿಂದ 12 ಮಿ.ಮೀ. ಇದನ್ನು ಹೆಚ್ಚಾಗಿ ಟೈಟೇನಿಯಂ ಮಿಶ್ರಲೋಹದಿಂದ ಮಾಡಿ ದವಡೆಯ ಎಲುಬಿಗೆ ತಿರುಗಿಸಿ ಕೂರಿಸುವರು. ಇದರ ಮೇಲೆ ಬೀಳುವ ಎಳೆತ ಅನೇಕ ವೇಳೆ 1.5ರಿಂದ 2 ನ್ಯೂಟನ್, ಎಂದರೆ 150–200 ಗ್ರಾಂ ತೂಕದಷ್ಟು. ಬಲ ಅಲ್ಪವಾದರೂ ಅದನ್ನು ತಿಂಗಳುಗಟ್ಟಲೆ ತಡೆಯಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 100 ತಿರುಪುಗಳಲ್ಲಿ ಸುಮಾರು 13 ಸಡಿಲಗೊಂಡು ವಿಫಲವಾದುದು ಕಂಡುಬಂದಿದೆ. ಆಗ ರೋಗಿಗೆ ಮತ್ತೊಮ್ಮೆ ತಿರುಪು ಹಾಕಿಸಿಕೊಳ್ಳುವ ಕಷ್ಟ.

ತಿರುಪು ನಿಲ್ಲುವುದು ಹೇಗೆ? ಮೊದಲ ದಿನದ ಬಿಗಿತ ಕೇವಲ ಯಾಂತ್ರಿಕವಾದುದು; ಮರದಲ್ಲಿ ತಿರುಪು ಕಚ್ಚಿಕೊಂಡಂತೆ. ಎಲುಬಿನ ಗಟ್ಟಿತನ, ತಿರುಪಿನ ವ್ಯಾಸ, ಅದರ ಸುರುಳಿಯ ಆಕಾರ, ವೈದ್ಯರ ಕೈಚಳಕ, ಇವೇ ಇಲ್ಲಿ ಮುಖ್ಯ. ಆದರೆ ಮರ ನಿರ್ಜೀವ, ಎಲುಬು ಸಜೀವ. ಒತ್ತಡಕ್ಕೆ ಸಿಕ್ಕಿದ ಹಳೆಯ ಎಲುಬು ಕರಗುತ್ತ, ಹೊಸ ಎಲುಬು ಬೆಳೆಯುತ್ತ ಹೋಗುವುದು. ಹಳೆಯ ಬಿಗಿತ ಇಳಿದು ಹೊಸ ಬಿಗಿತ ಇನ್ನೂ ಏರದಿರುವ ಮೊದಲ ಕೆಲವು ವಾರಗಳೇ ಅಪಾಯದ ಕಾಲ.

ಮೇಲ್ಮೈಯ ಸಂಸ್ಕಾರ ನೆರವಾಗುವುದು ಈ ಎರಡನೆಯ ಬಿಗಿತಕ್ಕೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯವಿಜ್ಞಾನಿ 1952ರಲ್ಲಿ ಮೊಲದ ಎಲುಬಿನೊಳಗೆ ಟೈಟೇನಿಯಂ ಸಾಧನವೊಂದನ್ನಿರಿಸಿ ರಕ್ತಸಂಚಾರವನ್ನು ಪರೀಕ್ಷಿಸುತ್ತಿದ್ದರು. ಕೊನೆಗೆ ತೆಗೆಯಹೋದರೆ ಸಾಧನ ಬರಲೊಲ್ಲದು! ಎಲುಬು ಅದಕ್ಕೆ ಬೆಸೆದುಕೊಂಡಿತ್ತು. ಟೈಟೇನಿಯಂ ಗಾಳಿಗೆ ಒಡ್ಡಿದೊಡನೆ ಅದರ ಮೇಲೆ ಕೆಲವೇ ನ್ಯಾನೊಮೀಟರು ದಪ್ಪದ ಆಕ್ಸೈಡಿನ ಪೊರೆ ಮೂಡುವುದು. ಎಲುಬಿನ ಜೀವಕೋಶಗಳು ವಾಸ್ತವವಾಗಿ ಎದುರುಗೊಳ್ಳುವುದು ಈ ಪೊರೆಯನ್ನೇ.

ಈ ಮೇಲ್ಮೈಯನ್ನು ಮಾರ್ಪಡಿಸಲು ಹಲವು ಉಪಾಯಗಳಿವೆ. ಗಡಸು ಅಲ್ಯೂಮಿನಾ ಕಣಗಳನ್ನು ರಭಸದಿಂದ ಚಿಮ್ಮಿಸಿ, ಬಳಿಕ ಆಮ್ಲದಿಂದ ಕೊರೆಯಿಸುವುದು ಒಂದು. ಕಣಗಳಿಂದ ದೊಡ್ಡ ಗುಳಿಗಳೂ, ಆಮ್ಲದಿಂದ ಅವುಗಳೊಳಗೆ ಸಣ್ಣ ಗುಳಿಗಳೂ ಉಂಟಾಗುವುವು. ಟೈಟೇನಿಯಮ್ಮನ್ನು ಧನಾಗ್ರವಾಗಿಸಿ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿ, ಆಕ್ಸೈಡಿನ ಪೊರೆಯನ್ನು ದಪ್ಪವಾಗಿಸುವುದು ಇನ್ನೊಂದು. ಒರಟಾದ ಮೇಲ್ಮೈಯಲ್ಲಿ ಸ್ಪರ್ಶದ ವಿಸ್ತೀರ್ಣ ಹೆಚ್ಚುವುದು; ಗುಳಿಗಳೊಳಗೆ ಬೆಳೆದ ಎಲುಬು ಬೀಗದಂತೆ ಹಿಡಿಯುವುದು. ಇಂತಹ ತಿರುಪುಗಳನ್ನು ಬಿಚ್ಚಲು ಹೆಚ್ಚು ತಿರುಚುಬಲ ಬೇಕಾಗುವುದನ್ನು ಪ್ರಾಣಿಗಳ ಮೇಲಿನ ಹಲವು ಪ್ರಯೋಗಗಳು ತೋರಿಸಿವೆ.

ಹಾಗಿದ್ದರೆ ಎಲ್ಲವನ್ನೂ ಒರಟಾಗಿಸಬಾರದೇಕೆ ಎಂದು ವಾಚಕರು ಕೇಳಬಹುದು. ಕೃತಕ ಹಲ್ಲಿನ ಬೇರು ಬಾಳುದ್ದ ನಿಲ್ಲಬೇಕು. ಈ ತಿರುಪಾದರೋ ಕೆಲಸ ಮುಗಿದೊಡನೆ ಹೊರಬರಬೇಕು. ಅತಿಯಾಗಿ ಬೆಸೆದುಕೊಂಡರೆ ತೆಗೆಯುವಾಗ ಅದು ಮುರಿಯಬಹುದು. ಒಸಡಿನ ಬಳಿ ಮೇಲ್ಮೈ ಒರಟಾಗಿದ್ದರೆ ಸೂಕ್ಷ್ಮಜೀವಿಗಳು ಅಲ್ಲಿ ಸುಲಭವಾಗಿ ನೆಲೆಸುವುವು. ಅದರಿಂದ ಉರಿಯೂತವುಂಟಾದರೆ ತಿರುಪು ಸಡಿಲಗೊಳ್ಳುವ ಭಯವೂ ಇದೆ. ಆದುದರಿಂದ ಒಸಡನ್ನು ತಾಗುವ ಭಾಗವನ್ನು ನಯವಾಗಿ ಉಳಿಸುವುದು ವಿಹಿತ. ಅಲ್ಲದೆ, ರೋಗಿಗಳಲ್ಲಿ ನಡೆಸಿದ ಕೆಲವು ಹೋಲಿಕೆಗಳಲ್ಲಿ ನಯವಾದ ತಿರುಪುಗಳೂ ಒರಟಾದವುಗಳಷ್ಟೇ ಚೆನ್ನಾಗಿ ನಿಂತಿವೆ. ಮೊದಲ ದಿನವೇ ಸರಿಯಾಗಿ ಕಚ್ಚದ ತಿರುಪನ್ನು ಮೇಲ್ಮೈಯ ಸಂಸ್ಕಾರವೊಂದೇ ಉಳಿಸಲಾರದು.

ಎಷ್ಟು ಬಿಗಿ ಬೇಕು ಎಂಬುದರೊಡನೆ ಎಷ್ಟು ಕಾಲ ಬೇಕು ಎಂಬುದನ್ನೂ ಅರಿತು ಮೇಲ್ಮೈಯನ್ನು ಆರಿಸುವುದೇ ಇಲ್ಲಿಯ ಜಾಣ್ಮೆ.