ಇಂದಿನ ಧಮ್ಮ ಚಿಂತನೆ: ತಟ್ಟೆಯೊಳಗಿನ ನೀರು

ಸಿದ್ಧಾರ್ಥರು ಮನೆ ಬಿಟ್ಟದ್ದು ಏಕೆ? ಮುದುಕ, ರೋಗಿ, ಶವ, ಸನ್ಯಾಸಿ ಇವರನ್ನು ಕಂಡು ಎಂದು ಶಾಲೆಯಲ್ಲಿ ಓದಿದ್ದೇವೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಈ ಕತೆಯನ್ನು ಒಪ್ಪಲಿಲ್ಲ. ಅವರು ಮುಂದಿಟ್ಟ ಕಾರಣ ರೋಹಿಣಿ ನದಿಯ ನೀರು. ಶಾಕ್ಯರೂ ಕೋಲಿಯರೂ ಅದೇ ನದಿಯಿಂದ ಹೊಲಗಳಿಗೆ ನೀರು ಹಾಯಿಸುತ್ತಿದ್ದರು. ಮೊದಲು ಯಾರು, ಎಷ್ಟು ಎಂಬ ಜಗಳ ಪ್ರತಿ ಹಂಗಾಮಿನಲ್ಲೂ ಇತ್ತು. ಒಂದು ವರ್ಷ ಅದು ಹೊಡೆದಾಟವಾಗಿ ಎರಡೂ ಕಡೆಯವರು ಗಾಯಗೊಂಡರು. ಶಾಕ್ಯ ಸಂಘ ಯುದ್ಧಕ್ಕೆ ನಿಂತಿತು. ಸಿದ್ಧಾರ್ಥರು ವಿರೋಧಿಸಿದರು, ಬಹುಮತ ಅವರ ವಿರುದ್ಧ ಹೋಯಿತು, ಅವರು ಪರಿವ್ರಾಜಕರಾಗಿ ಹೊರಟರು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಜಗಳ ಕುಡಿಯುವ ನೀರಿನದಲ್ಲ, ಬೆಳೆಯ ನೀರಿನದು. ಅಂದರೆ ಅನ್ನದ ನೀರಿನದು.

*ನೀರು ಹೋಗುತ್ತಿರುವುದು ಎಲ್ಲಿಗೆ?*

ಇಂದಿಗೂ ಲೆಕ್ಕ ಹಾಗೆಯೇ ಇದೆ. ನದಿ, ಕೆರೆ, ಅಂತರ್ಜಲದಿಂದ ಮನುಷ್ಯರು ತೆಗೆಯುವ ಸಿಹಿನೀರಿನಲ್ಲಿ ಜಗತ್ತಿನಾದ್ಯಂತ ಸುಮಾರು ಶೇ. 70 ಭಾಗ ಕೃಷಿಗೆ ಹೋಗುತ್ತದೆ. ಭಾರತದಲ್ಲಿ ಈ ಪಾಲು ಇನ್ನೂ ಹೆಚ್ಚು. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶವೂ ನಮ್ಮದೇ. ಆದ್ದರಿಂದ ನಲ್ಲಿ ತಿರುಗಿಸಿದಾಗ ಖರ್ಚಾಗುವ ನೀರಿಗಿಂತ ಬಹುಪಾಲು ಹೆಚ್ಚಿನ ನೀರು ನಮ್ಮ ತಟ್ಟೆಯಲ್ಲಿ ಕಾಣದಂತೆ ಕುಳಿತಿರುತ್ತದೆ.

ಒಂದು ಕಿಲೋ ಅಕ್ಕಿ ಬೆಳೆಯಲು ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ನಿಗದಿ ಮಾಡಿರುವುದು 55 ಲೀಟರ್. ಒಂದು ಕಿಲೋ ಅಕ್ಕಿಯ ಹಿಂದೆ ಒಬ್ಬ ಮನುಷ್ಯನ ಒಂದೂವರೆ ತಿಂಗಳ ನೀರಿದೆ ಎಂದಾಯಿತು.

*ಬೆರಳು ತೋರಿಸುವವರಿಗೆ ಉತ್ತರ*

ಇದೇ ಲೆಕ್ಕದ ಇನ್ನೊಂದು ಸಾಲು ನಮ್ಮ ಗುಂಪುಗಳಿಗೂ ಬರುತ್ತಿರುತ್ತದೆ: ಒಂದು ಕಿಲೋ ದನದ ಮಾಂಸಕ್ಕೆ 15,400 ಲೀಟರ್, ಕೋಳಿಗೆ 4,300 ಲೀಟರ್. ಇದನ್ನು ಹಿಡಿದು, ನೀರು ಹಾಳು ಮಾಡುವವರು ನೀವೇ ಎಂದು ನಮ್ಮ ತಟ್ಟೆಯ ಕಡೆ ಬೆರಳು ತೋರಿಸುವವರಿದ್ದಾರೆ. ಯಾರೋ ಹೇಳಿದರೆಂದು ಒಪ್ಪಬೇಡಿ, ಪರೀಕ್ಷಿಸಿ ನೋಡಿ ಎಂದು ಬುದ್ಧರು ಕಾಲಾಮರಿಗೆ ಬೋಧಿಸಿದರು. ಹಾಗಾದರೆ ಪರೀಕ್ಷಿಸೋಣ.

ಈ ಲೆಕ್ಕದ ಪದ್ಧತಿಯನ್ನು 2002ರಲ್ಲಿ ರೂಪಿಸಿದವರು ನೆದರ್ಲೆಂಡ್ಸಿನ ವಿಜ್ಞಾನಿ ಆರ್ಯೆನ್ ಹುಕ್ಸ್ಟ್ರಾ. ಈ ಪದ್ಧತಿಯಲ್ಲಿ ಹೊಲಕ್ಕೆ ತಾನಾಗಿ ಬಿದ್ದ ಮಳೆ 'ಹಸಿರು ನೀರು'. ನದಿ, ಕಾಲುವೆ, ಕೊಳವೆಬಾವಿಯಿಂದ ತೆಗೆದದ್ದು 'ನೀಲಿ ನೀರು'. ದನದ ಮಾಂಸದ ಆ ದೊಡ್ಡ ಅಂಕಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಮಳೆನೀರು. ಬಯಲಿನ ಹುಲ್ಲು, ಕಟಾವಾದ ಮೇಲೆ ಉಳಿದ ಸೊಪ್ಪೆ ತಿಂದು ಬೆಳೆದ ಪ್ರಾಣಿಗೂ, ನೀರಾವರಿ ಮಾಡಿ ಬೆಳೆದ ಧಾನ್ಯ ತಿಂದ ಪ್ರಾಣಿಗೂ ನೀರಿನ ಲೆಕ್ಕ ಒಂದೇ ಅಲ್ಲ. ಇನ್ನೊಂದೆಡೆ, ಮಂಡ್ಯದ ಕಬ್ಬೂ ಭತ್ತವೂ ಕೃಷ್ಣರಾಜಸಾಗರದ ಕಾಲುವೆ ನೀರನ್ನು ಕುಡಿದು ಬೆಳೆಯುತ್ತವೆ. ಸಕ್ಕರೆಯ ಪಾಯಸ, ಬಿಳಿ ಅನ್ನದ ಶುದ್ಧ ಸಸ್ಯಾಹಾರಿ ಊಟವೂ ನದಿಯ ಮೇಲೆ ಭಾರ ಹಾಕುತ್ತದೆ.

ಹಾಗೆಂದು ನಮಗೇನೂ ಹೊಣೆ ಇಲ್ಲ ಎಂದಲ್ಲ. ಫಾರಂ ಕೋಳಿ ತಿನ್ನುವ ಮೆಕ್ಕೆಜೋಳ, ಸೋಯಾ ಕೂಡ ಹೊಲದಲ್ಲೇ ಬೆಳೆಯಬೇಕು. ವಾರಕ್ಕೊಮ್ಮೆ ಇದ್ದದ್ದು ದಿನವೂ ಆದರೆ ಅದಕ್ಕೂ ನೀರು ಬೇಕು. ಇದು ಯಾವ ಜಾತಿಯ ಊಟ ಎಂಬುದು ಪ್ರಶ್ನೆಯೇ ಅಲ್ಲ. ಇದು ಯಾವ ನೀರಿನಿಂದ ಬಂತು, ಎಷ್ಟು ತಿಂದೆ, ಎಷ್ಟು ಚೆಲ್ಲಿದೆ? ಈ ಮೂರನ್ನು ಎಲ್ಲ ತಟ್ಟೆಗಳಿಗೂ ಸಮನಾಗಿ ಕೇಳಬೇಕು.

*ರಾಗಿಯ ಕಡೆಗೆ ಮತ್ತೆ*

ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿವೆ. ಅದೇ ಮಣ್ಣಿನಲ್ಲಿ ರಾಗಿ, ಅವರೆ, ಹುರುಳಿ ಮುಂಗಾರು ಮಳೆಗೇ ಬೆಳೆಯುತ್ತವೆ. ನಮ್ಮ ಹಿರಿಯರು ಮುದ್ದೆ, ರೊಟ್ಟಿ ಉಂಡೇ ಬದುಕಿದರು. ಬಿಳಿ ಅನ್ನ ದೊಡ್ಡವರ ಮನೆಯದು, ಮುದ್ದೆ ಬಡವರದು ಎಂಬ ಮೇಲುಕೀಳನ್ನು ನಮ್ಮ ನಾಲಿಗೆಯೂ ಕಲಿತುಬಿಟ್ಟಿದೆ. ಮನುಷ್ಯರಲ್ಲಿ ಮೇಲುಕೀಳು ಬಿಟ್ಟವರು ಧಾನ್ಯಗಳಲ್ಲಿ ಅದನ್ನು ಉಳಿಸಿಕೊಳ್ಳಬೇಕೆ? ನ್ಯಾಯಬೆಲೆ ಅಂಗಡಿಯಲ್ಲಿ ಬರುವ ರಾಗಿ, ಜೋಳವನ್ನು ಮಾರಿಬಿಡದೆ ಮನೆಯಲ್ಲೇ ಉಣ್ಣೋಣ.

*ಮನೆಯೊಳಗೆ*

ಭಿಕ್ಖುಗಳು ಹಳೆಯ ಚೀವರವನ್ನು ಏನು ಮಾಡುತ್ತಾರೆ ಎಂದು ಉದೇನ ರಾಜ ಆನಂದರನ್ನು ಕೇಳಿದ ಪ್ರಸಂಗ ವಿನಯಪಿಟಕದಲ್ಲಿದೆ. ಹಾಸಿಗೆಯ ಹೊದಿಕೆ, ನೆಲಹಾಸು, ಕಾಲೊರೆಸುವ ಬಟ್ಟೆ, ಕೊನೆಗೆ ಮಣ್ಣಿನಲ್ಲಿ ಕಲಸಿ ಗಿಲಾವಿಗೆ. ಏನೂ ಹಾಳಾಗುತ್ತಿರಲಿಲ್ಲ. ನಮ್ಮ ಮನೆಯ ನೀರಿಗೂ ಇದೇ ದಾರಿ:

• ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ.
• ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.
• ಸೆಕೆಂಡಿಗೆ ಒಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ಒಂದು ಕ್ಯಾನ್ ನೀರು ಅದು. ವಾಷರ್ ಬದಲಿಸಿ.
• ನೀರು ಹಿಡಿದಿಡುವ, ಹೊರುವ ಕೆಲಸ ತಾಯಿ, ಹೆಂಡತಿ, ಮಗಳ ಪಾಲಿಗೇ ಬಿಡಬೇಡಿ. ಬಿಂದಿಗೆ ಹೊತ್ತವರಿಗೆ ನೀರಿನ ತೂಕ ಗೊತ್ತಿರುತ್ತದೆ. ಗಂಡಸರೂ ಹೊರಲಿ.
• ಜಯಂತಿ, ಬುದ್ಧಪೂರ್ಣಿಮೆಗಳು ಬರುವುದು ಬೇಸಿಗೆಯಲ್ಲೇ. ಸಾಮೂಹಿಕ ಊಟದಲ್ಲಿ ಮೊದಲು ಸ್ವಲ್ಪ ಬಡಿಸಿ, ಕೇಳಿದರೆ ಮತ್ತೆ ಬಡಿಸಿ. ಎಲೆಯಲ್ಲಿ ಬಿಟ್ಟ ಅನ್ನದ ಜೊತೆ ಅದನ್ನು ಬೆಳೆದ ನೀರೂ ತಿಪ್ಪೆಗೆ ಹೋಗುತ್ತದೆ.

*ಹಕ್ಕು ಮತ್ತು ಹೊಣೆ*

1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿ ಕುಡಿದದ್ದು ಬಾಯಾರಿಕೆಗಲ್ಲ, ಸಮಾನತೆಗೆ. ಇಂದಿಗೂ ಕೇರಿಯ ನಲ್ಲಿಗೆ ಕೊನೆಗೆ ನೀರು ಬಿಡುವ ಊರುಗಳಿವೆ. ಅಂಥ ಕಡೆ ಮಿತವಾಗಿ ಬಳಸಿ ಎಂದು ಉಪದೇಶ ಮಾಡುವುದು ಧಮ್ಮವಲ್ಲ. ಅಲ್ಲಿ ಗ್ರಾಮಸಭೆಯಲ್ಲಿ ಎದ್ದು ನಿಂತು ಪಾಲು ಕೇಳುವುದು ಧಮ್ಮ. ನೀರು ಸಾಕಷ್ಟು ಬರುವ ಮನೆಯಲ್ಲಿ ಮಿತ ಸಾಧಿಸುವುದು ಧಮ್ಮ. ಎರಡರ ಗುರಿಯೂ ಒಂದೇ: ರೋಹಿಣಿಯ ದಡದಲ್ಲಿ ಮತ್ತೆ ಯಾರೂ ಆಯುಧ ಎತ್ತದಿರುವುದು.

*ಇಂದಿನ ಅಭ್ಯಾಸ:* ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿರುವ ಒಂದು ಪದಾರ್ಥವನ್ನು ಆರಿಸಿ. ಅದು ಮಳೆಯಿಂದ ಬೆಳೆದದ್ದೋ, ಕಾಲುವೆಯಿಂದಲೋ, ಕೊಳವೆಬಾವಿಯಿಂದಲೋ? ಮಕ್ಕಳನ್ನೂ ಕೇಳಿ. ಭಾನುವಾರದ ಅಧ್ಯಯನದಲ್ಲಿ ಮಾತಾಡೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.