ಹೊಸ ಕಂಪೈಲರ್ ಎತ್ತಿ ತೋರುವ ಹಳೆಯ ಊಹೆಗಳು

ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಸಿ ಪ್ರೋಗ್ರಾಂ ಹೊಸ ಜಿಸಿಸಿ ಹಾಕಿದ ಕೂಡಲೇ ಎರರ್‌ಗಳನ್ನು ಸುರಿಸಿದರೆ ಮೊದಲು ಬೈಸಿಕೊಳ್ಳುವುದು ಕಂಪೈಲರ್. ಕೋಡ್ ಬರೆಯುವ ಕೆಲಸ ನನಗೆ ಕಲಿಸಿದ್ದು ಬೇರೆಯೇ: ಅಂಥ ಹೊತ್ತಿನಲ್ಲಿ ಹೆಚ್ಚಾಗಿ ಬಯಲಾಗುವುದು, ಭಾಷೆ ಎಂದೂ ಮಾತು ಕೊಡದಿದ್ದ ವಿಷಯವನ್ನು ನಾವು ಖಾತ್ರಿ ಎಂದು ನಂಬಿದ್ದು. ಹೋಲಿಕೆಗೆ ನಮ್ಮ ಊರು ತೆಲಿಗಿಯನ್ನೇ ನೋಡಿ, ಅದು ಇದ್ದಲ್ಲೇ ಇದೆ. ಆದರೆ ಅದು ಸೇರಿದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಹೆಸರು ಬದಲಾಗದು ಎಂದು ನಂಬಿ ಬರೆದಿಟ್ಟ ವಿಳಾಸಗಳೆಲ್ಲ ಊರು ಕದಲದಿದ್ದರೂ ತಪ್ಪಾದವು. ಕೋಡಿನ ಪಾಡೂ ಅದೇ.

ಘೋಷಿಸದ ಫಂಕ್ಷನ್ನಿನ ಸಂಗತಿಯನ್ನೇ ನೋಡಿ. ಹಳೆಯ ಸಿ ಭಾಷೆಯಲ್ಲಿ ಅಂಥ ಫಂಕ್ಷನ್ 'ಇಂಟ್' ಹಿಂದಿರುಗಿಸುತ್ತದೆ ಎಂದು ಕಂಪೈಲರ್ ಭಾವಿಸುತ್ತಿತ್ತು. ಬೇರೆ ಫೈಲಿನಲ್ಲಿರುವ ಆ ಫಂಕ್ಷನ್ ನಿಜದಲ್ಲಿ ಪಾಯಿಂಟರ್ ಕೊಡುತ್ತಿದ್ದರೂ 32 ಬಿಟ್ ಯಂತ್ರದಲ್ಲಿ ಎರಡರ ಅಳತೆಯೂ ಒಂದೇ ಆದ್ದರಿಂದ ಕೆಲಸ ನಡೆದುಹೋಗುತ್ತಿತ್ತು. 64 ಬಿಟ್ ಯಂತ್ರದಲ್ಲಿ ಪಾಯಿಂಟರಿನ ಅರ್ಧ ಭಾಗ ಕತ್ತರಿಸಿಹೋಗಿ, ಪ್ರೋಗ್ರಾಂ ಎಲ್ಲೋ ದೂರದಲ್ಲಿ ಕುಸಿಯುತ್ತದೆ. ಈ ಸಲಿಗೆಯನ್ನು 1999ರ ಸಿ ಮಾನಕವೇ ತೆಗೆದುಹಾಕಿತ್ತು. ಜಿಸಿಸಿ 2015ರ 5ನೇ ಆವೃತ್ತಿಯಿಂದ ಯಾರೂ ಕೇಳದೆಯೇ ಎಚ್ಚರಿಕೆ ಕೊಡುತ್ತ ಬಂದು, 2024ರ 14ನೇ ಆವೃತ್ತಿಯಲ್ಲಿ ಅದನ್ನು ಎರರ್ ಮಾಡಿತು. ಇಪ್ಪತ್ತೈದು ವರ್ಷದ ಗಡುವನ್ನು ಅವಸರ ಎನ್ನಲಾಗದು. 2020ರ 10ನೇ ಆವೃತ್ತಿಯದೂ ಇದೇ ಬಗೆ: ಹೆಡರ್‌ನಲ್ಲಿ 'ಎಕ್ಸ್‌ಟರ್ನ್' ಇಲ್ಲದೆ ಬರೆದ ಗ್ಲೋಬಲ್ ವೇರಿಯಬಲ್ಲುಗಳನ್ನು ಲಿಂಕರ್ ಸದ್ದಿಲ್ಲದೆ ಒಂದಾಗಿಸುವುದು ನಿಂತು, 'ಮಲ್ಟಿಪಲ್ ಡೆಫಿನಿಷನ್' ಎರರ್ ಬರತೊಡಗಿತು. ಟರ್ಬೊ ಸಿ ಹಿಡಿದು ಕಲಿತವರಿಗೆ ಈ ಪೆಟ್ಟು ಇನ್ನೂ ಜೋರು. 'ಇಂಟ್' ಎಂದರೆ ಎರಡು ಬೈಟ್ ಎಂಬುದು ಆ ಕಂಪೈಲರಿನ ಗುಣ; ಅದನ್ನೇ ಭಾಷೆಯ ನಿಯಮವೆಂದು ಬಾಯಿಪಾಠ ಮಾಡಿಸಲಾಗಿತ್ತು.

ಕಂಪೈಲರ್ ತಪ್ಪೇ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತದೆ, ಅದರಲ್ಲೂ ಬಗ್‌ಗಳಿವೆ. ನಿಯಮದ ಒಳಗಿದ್ದೇ ಅಪಾಯ ತರುವುದೂ ಉಂಟು. 2009ರಲ್ಲಿ ಲಿನಕ್ಸ್ ಕರ್ನಲ್‌ನ 'ಟನ್' ಎಂಬ ಡ್ರೈವರಿನಲ್ಲಿ ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ ಅದು ಶೂನ್ಯವೇ ಎಂದು ಪರೀಕ್ಷಿಸಿದ್ದರು. ಬಳಸಿದ ಮೇಲೆ ಶೂನ್ಯವಾಗಿರಲಾರದು ಎಂದು ಜಿಸಿಸಿ ಆ ಪರೀಕ್ಷೆಯನ್ನೇ ಅಳಿಸಿತು. ಅದು ಭದ್ರತೆಯ ಬಿರುಕಾಯಿತು. ಬಳಿಕ ಕರ್ನಲ್ ತಂಡ ಆ ಬಗೆಯ ಅಳಿಸುವಿಕೆಯನ್ನು ತಡೆಯುವ ಆಯ್ಕೆ ಹಾಕಿಕೊಂಡಿತು. ಆದ್ದರಿಂದ ಕಂಪೈಲರ್ ಬರೆಯುವವರಿಗೂ ಹೊಣೆ ಇದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಅಲ್ಲಿ ತಪ್ಪಿದ್ದ ಕ್ರಮ ಕೋಡಿನದೇ.

ಹಾಗಾದರೆ ಹಳೆಯ ಆವೃತ್ತಿಯಲ್ಲೇ ಉಳಿದರಾಗದೇ? ಒಂದಷ್ಟು ದಿನ ಉಳಿಯಬಹುದು. ಆಮೇಲೆ ಹೊಸ ಯಂತ್ರ, ಹೊಸ ಲೈಬ್ರರಿ ಬಂದಾಗ ಐದಾರು ಆವೃತ್ತಿಗಳ ಬದಲಾವಣೆ ಒಟ್ಟಿಗೇ ಎರಗಿ, ಯಾವ ದೋಷಕ್ಕೆ ಯಾವುದು ಕಾರಣವೆಂದು ತಿಳಿಯದಂತಾಗುತ್ತದೆ. ಹಳೆಯ ನಡವಳಿಕೆಗೆ ಮರಳಿಸುವ ಆಯ್ಕೆಗಳು ತಾತ್ಕಾಲಿಕವಾಗಿ ಸರಿ. ಎಂದು ತೆಗೆಯುತ್ತೇವೆಂಬುದನ್ನೂ ಬರೆದಿಟ್ಟಿರಬೇಕು. ಭಾಷೆಯ ಮಾನಕವನ್ನು ಮೇಕ್‌ಫೈಲಿನಲ್ಲಿ ನಾವೇ ನಮೂದಿಸಬೇಕು. 2025ರ 15ನೇ ಆವೃತ್ತಿ ಸಿ23ನ್ನು ತಾನಾಗಿ ಹಿಡಿದಾಗ 'ಬೂಲ್' ಎಂಬ ಹೆಸರನ್ನು ತಾವೇ ಬಳಸಿಕೊಂಡಿದ್ದ ಹಳೆಯ ಕೋಡುಗಳು ಎಡವಿದ್ದು ಇದನ್ನು ಮಾಡದ್ದರಿಂದ. ಎಲ್ಲಕ್ಕಿಂತ ಮೊದಲು, ಇಂದಿನ ಎಚ್ಚರಿಕೆಗಳನ್ನು ಇಂದೇ ಓದಿ ತೀರಿಸಬೇಕು. ಮುಂದಿನ ಆವೃತ್ತಿಯ ಎರರ್‌ಗಳಲ್ಲಿ ಹಲವು ಈಗಾಗಲೇ ಅಲ್ಲಿ ಪಟ್ಟಿಯಾಗಿರುತ್ತವೆ.